ಯಾವ ಪೆಟ್ಟಿಗೆಗೆ ಯಾವ ಅಂಟು

ಮಿಕ್ಕವರಿಗೆ ಎಂದೋ ಒಂದು ದಿನ ಗ್ರಹಚಾರ ಕೆಡುತ್ತೆ. ಪ್ಯಾಕಿಂಗ್ ಟೇಪ್ ಮಾರೋನಿಗೆ ಅದು ವಾರಕ್ಕೆ ಮೂರು ಸಲ. ಎಂಬತ್ತನೇ ಇಸವಿಯ ಆಚೀಚೆ ಕಡೂರಿನಲ್ಲಿ ಮನೆ ಮಾಡಿಕೊಂಡು, ಬೆಂಗಳೂರಿನ ಕಂಪನಿಯೊಂದರ ಟೇಪನ್ನು ಸುತ್ತಲ ಊರುಗಳಲ್ಲಿ ಮಾರುತ್ತಿದ್ದೆ. ಯಾವ ಪೆಟ್ಟಿಗೆಗೆ ಯಾವ ಅಂಟು ಅಂತ ಹೇಳೋದೇ ನನ್ನ ಕೆಲಸ. ಒಂದು ಸಲವೂ ಸರಿಯಾಗಿ ಹೇಳಲಿಲ್ಲ.

ಕಡೂರು

ಕೊಬ್ಬರಿ ಎಣ್ಣೆ ಗಾಣದ ಯಜಮಾನರಿಗೆ ಹೊಸದಾಗಿ ಬಂದಿದ್ದ ಪ್ಲಾಸ್ಟಿಕ್ ಟೇಪ್ ಕೊಟ್ಟೆ. "ಬಿಚ್ಚೋಕೆ ಕತ್ತೀನೇ ಬೇಕು ಸಾರ್" ಅಂತಲೂ ಅಂದೆ. ಅಲ್ಲಿ ರಟ್ಟಿನ ಪೆಟ್ಟಿಗೆಗಳಿಗೆಲ್ಲ ಎಣ್ಣೆ ಕೈ ತಾಗಿತ್ತು. ಬಸ್ಸಿನ ಮೇಲೆ ಏರಿಸುವಾಗಲೇ ತಳ ಬಿಚ್ಚಿಕೊಂಡು ಬಾಟ್ಲಿಗಳೆಲ್ಲ ಕಂಡಕ್ಟರ್ ಮೈಮೇಲೆ. ಯಜಮಾನರು ಎದ್ದು ಒಳಗೆ ಹೋದರು. ಅವರ ಹೆಂಡತಿ ಬಂದರು.

"ಎಣ್ಣೆ ಹಣೆ ಮೇಲೆ ಟಿಕ್ಲೀನೇ ನಿಲ್ಲಲ್ಲ ಕಣ್ರೀ. ನಿಮ್ ಕಂಪನಿಯವರೇನು, ತಲೆಗೆ ಸೀಮೆಎಣ್ಣೆ ಹಚ್ಕೋತಾರಾ?"

ತರೀಕೆರೆ

ಬುದ್ಧಿ ಬಂತು. ಬೇಕರಿ ಸಾಬರಿಗೆ ರಸ್ಕ್ ಡಬ್ಬಕ್ಕೆ ನೀರು ಹಚ್ಚಿ ಮೆತ್ತುವ ಕಾಗದದ ಗಮ್ ಟೇಪ್ ಕೊಟ್ಟೆ. ಚೆನ್ನಾಗಿಯೇ ಕಚ್ಚಿಕೊಂಡಿತು. ಆ ಗಮ್ಮು ಪಿಷ್ಟದ್ದು ಅನ್ನೋದು ಇಲಿಗಳಿಗೆ ಮಾತ್ರ ಗೊತ್ತಿತ್ತು. ಮುಂದಿನ ವಾರ ಹೋದರೆ ಸಾಬರು ತಲೆ ಮೇಲೆ ಕೈ ಹೊತ್ತು ಕೂತಿದ್ದರು.

"ಟೇಪೆಲ್ಲ ತಿಂದ್ಬಿಟ್ಟವೆ."

"ರಸ್ಕು?"

"ಒಂದೂ ಮುಟ್ಟಿಲ್ಲ! ಊರಲ್ಲಿ ನನ್ನ ಮರ್ಯಾದೆ ಏನಾಗ್ಬೇಕು ಸಾರ್?"

ಅಜ್ಜಂಪುರ

ಇನ್ನು ಉಳಿದಿದ್ದು ರಬ್ಬರ್ ಅಂಟಿನ ಟೇಪ್, ಜಿಗಣೆ ಥರ. ಊದುಬತ್ತಿ ಸಗಟು ವ್ಯಾಪಾರಿಯ ಅಂಗಡಿಯಲ್ಲಿ ಪೆಟ್ಟಿಗೆ ಮೇಲೆ ಮೆತ್ತಿ, "ಕೀಳಿ ನೋಡೋಣ" ಅಂದೆ. ಅವರು ಎರಡೂ ಕೈಯಲ್ಲಿ ಜಗ್ಗಿದರು. ಪೆಟ್ಟಿಗೆ ಮೇಲೆ ಅಚ್ಚು ಹಾಕಿದ್ದ ಲಕ್ಷ್ಮಿಯ ಮುಖ ಟೇಪಿನ ಜೊತೆ ಬಂದ್ಬಿಡ್ತು. ವ್ಯಾಪಾರಿ ಆ ಟೇಪನ್ನು ನನ್ನ ಕೈಗೇ ಕೊಟ್ಟರು.

"ಅಂಟು ಗಟ್ಟಿ, ಒಪ್ಪಿದೆ ಕಣಪ್ಪಾ. ಈಗ ದೇವಿ ಮುಖ ವಾಪಸ್ ಕೂರಿಸು. ಆಮೇಲೆ ಮಾತಾಡೋಣ."

ರಾಜೀನಾಮೆ

ಬಸ್ಸಿನಲ್ಲಿ ವಾಪಸ್ ಬರುವಾಗ ಕಣ್ಣಲ್ಲಿ ನೀರು ಬಂತು. ಮನೆಗೆ ಬಂದವನೇ ನಾಲ್ಕು ಪುಟ ರಾಜೀನಾಮೆ ಬರೆದೆ. ಯಾವ ಪೆಟ್ಟಿಗೆಗೂ ನಾನು ಲಾಯಕ್ಕಲ್ಲ ಅಂತ ಒಪ್ಪಿಕೊಂಡೆ. ಕವರಿಗೆ ಯಾವ ಟೇಪ್ ಅಂತ ಒಂದು ಗಂಟೆ ಯೋಚಿಸಿ, ನಮ್ಮ ಕಂಪನಿಯದೇ ಒಂದನ್ನು ಆರಿಸಿ, ಉಜ್ಜಿ ಉಜ್ಜಿ ಅಂಟಿಸಿ ಪೋಸ್ಟ್ ಮಾಡಿದೆ. ಹತ್ತು ದಿನಕ್ಕೆ ಮ್ಯಾನೇಜರ್ ಉತ್ತರ ಬಂತು:

"ನಿಮ್ಮ ಕವರ್ ಬಾಯಿ ಬಿಟ್ಟುಕೊಂಡು ಖಾಲಿ ಬಂದಿದೆ. ವಿಷಯ ತಿಳಿಯಲಿಲ್ಲ. ಕೆಲಸ ಮುಂದುವರಿಸಿ. ಇನ್ನು ಮೇಲೆ ಕಂಡ ಕಂಡ ಟೇಪ್ ಹಚ್ಚದೆ, ದಯವಿಟ್ಟು ನಮ್ಮ ಕಂಪನಿಯದನ್ನೇ ಹಚ್ಚಿ."