ಮೂರು ಚೆಂಡು, ಎರಡಡಿ ಜಾಗ

"ಇನ್ನು ಅಮ್ಮನ ಉಸಿರಿನ ಜವಾಬ್ದಾರಿ ನನ್ನದು!"

ಆಸ್ಪತ್ರೆಯ ಬಾಗಿಲಲ್ಲಿ ನಿಂತು ನಾನು ಹೀಗೆ ಘೋಷಿಸಿದಾಗ ವೀಲ್‌ಚೇರಿನಲ್ಲಿದ್ದ ಅಮ್ಮ ಸೊಣ್ಣಮ್ಮ ಅನುಮಾನದಿಂದ ನನ್ನ ಮುಖ ನೋಡಿದಳು. ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಿ ಮನೆಗೆ ಹೊರಟಿದ್ದಳು. ನರ್ಸಮ್ಮ ನನ್ನ ಕೈಗೊಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದರು. ಅದರಲ್ಲಿ ಮೂರು ಗೂಡು, ಗೂಡಿಗೊಂದು ಚೆಂಡು, ಪಕ್ಕಕ್ಕೊಂದು ಬಾಯಿಗಿಡುವ ಕೊಳವೆ. ನೋವಿಗೆ ಹೆದರಿ ಪೇಷಂಟು ಮೇಲೆಮೇಲೆ ಉಸಿರಾಡಿದರೆ ಶ್ವಾಸಕೋಶದ ತಳ ಮುದುಡಿಕೊಂಡು ಕಫ ಕೂರುತ್ತದಂತೆ. "ಚೆಂಡು ಮೇಲೇಳ್ಬೇಕು. ಇಲ್ಲಾಂದ್ರೆ ಸೋಮವಾರ ಮತ್ತೆ ಅಡ್ಮಿಟ್ ಮಾಡ್ಬೇಕಾಗುತ್ತೆ" ಎಂದು ಡಾಕ್ಟರು ಎಚ್ಚರಿಸಿದ್ದರು.

"ಹೇಗೆ ಮಾಡ್ಸೋದು ಅಂತ ತೋರಿಸ್ಲಾ ಸರ್?" ಅಂದರು ನರ್ಸಮ್ಮ.

"ಮೇಡಂ, ನಾನು ಪಿಯುಸಿ ಸೈನ್ಸು!"

ಆ ಸೈನ್ಸು ನನ್ನನ್ನು ನಡುದಾರಿಯಲ್ಲೇ ಕೈಬಿಟ್ಟಿತ್ತು. ಅಪ್ಪನ ಹೊಲ ಸೈಟುಗಳಾದವು, ನಾನು ಬಿಲ್ಡರ್ ಬಾಲರಾಜು ಆದೆ. ಇದನ್ನೆಲ್ಲ ನರ್ಸಮ್ಮನಿಗೆ ಹೇಳುವ ಅಗತ್ಯ ನನಗೆ ಕಾಣಲಿಲ್ಲ.

ಪುಟ್ಟೇನಹಳ್ಳಿಯ ಮನೆಗೆ ಬಂದವನೇ ಅಮ್ಮನನ್ನು ದಿಂಬಿಗೆ ಒರಗಿಸಿ ಪಾಠ ಶುರು ಮಾಡಿದೆ. ಹೆಂಡತಿ ದಿವ್ಯ ಬಾಗಿಲಿಗೆ ಒರಗಿ ನಿಂತಳು.

"ನೋಡಮ್ಮ, ಬಲಗಡೆ ಶ್ವಾಸಕೋಶಕ್ಕೆ ಮೂರು ಭಾಗ. ಎಡಗಡೇದಕ್ಕೆ ಎರಡೇ. ಯಾಕೆ ಹೇಳು? ಪಕ್ಕದಲ್ಲಿ ಹೃದಯ ಇದೆಯಲ್ಲ, ಅದಕ್ಕೆ ಜಾಗ ಬಿಟ್ಕೊಟ್ಟಿದೆ."

ಅಮ್ಮ ಸ್ವಲ್ಪ ಯೋಚಿಸಿದಳು. "ಒಂದು ಪಾಲು ಕಮ್ಮಿ ಬಂತಾ? ಮತ್ತೆ ಎಡಗಡೇದು ಕೋರ್ಟಿಗೆ ಓಗ್ಲಿಲ್ವಾ?"

ದಿವ್ಯ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ನಾನು ಕೆಮ್ಮಿದೆ. ವಿಷಯ ಇಷ್ಟೇ: ಈ ಮನೆಯಿರುವ ನನ್ನ ಸೈಟು, ತಮ್ಮ ಸತೀಶನ ಸೈಟು ಅಕ್ಕಪಕ್ಕ. ನನ್ನ ಕಾಂಪೌಂಡು ಎರಡಡಿ ತನ್ನ ಕಡೆ ಬಂದಿದೆ ಎಂದು ಅವನು, ಬಂದಿಲ್ಲ ಎಂದು ನಾನು. ಕೇಸು ನಡೆಯುತ್ತಿದೆ, ಮಾತು ನಿಂತಿದೆ. ಗಂಗಾನಗರದಲ್ಲಿರುವ ಸತೀಶ ನಾನಿಲ್ಲದ ಹೊತ್ತು ನೋಡಿಕೊಂಡು ಆಸ್ಪತ್ರೆಗೆ ಬಂದು ಹೋದನಂತೆ. ನಮ್ಮ ಮನೆಯ ಹೊಸ್ತಿಲು ತುಳಿದು ಎರಡು ವರ್ಷವಾಗಿತ್ತು.

"ಅದಿರ್ಲಿ. ಈಗ ಈ ಕೊಳವೆ ಬಾಯಿಗಿಟ್ಟು ಊದು!" ಎಂದೆ.

"ಊದಾದಾ? ಅಷ್ಟೇನಾ?" ಅಮ್ಮನ ಮುಖ ಅರಳಿತು. "ಊದುಗೊಳವೆ ಇಡ್ಕಂಡು ಇಪ್ಪತ್ತು ಜನದ ಮುದ್ದೆಗೆ ಎಸರು ಕುದ್ಸಿದೋಳು ಕಣ್ಲಾ ನಾನು!"

ಊದಿದಳು. ಹಸಿ ಸೌದೆಯಾಗಿದ್ದರೂ ಹತ್ತಿಕೊಳ್ಳುತ್ತಿತ್ತು! ಚೆಂಡುಗಳು ಮಾತ್ರ ಮೂರೂ ತಳದಲ್ಲೇ ಕೂತಿದ್ದವು.

"ಇನ್ನೂ ಜೋರಾಗಿ!"

ಜೋರಾಗಿ ಊದಿದಳು. ಮಾರನೆಯ ದಿನ ಇನ್ನೂ ಜೋರಾಗಿ. ಹೊಲಿಗೆ ಎಳೆದಂತಾಗಿ ಹೊಟ್ಟೆ ಹಿಡಿದುಕೊಂಡು ಕೆಮ್ಮಿದಳು. ಕಣ್ಣಲ್ಲಿ ನೀರು ಬಂತು. ಪಾಠ ಮಾಡುವ ಉತ್ಸಾಹ ನನಗೆ ಅಲ್ಲಿಗೆ ಇಳಿಯಿತು. ನಿಜಕ್ಕೂ ಹೆದರಿಕೆಯಾಯಿತು.

ಕೊಳವೆಯನ್ನು ಬಿಸಿನೀರಲ್ಲಿ ತೊಳೆದು ನಾನೇ ಊದಿ ನೋಡಿದೆ. ಕೆನ್ನೆ ಉಬ್ಬಿತು, ಕಿವಿ ಗುಂಯ್ ಎಂದಿತು, ಚೆಂಡು ಅಲುಗಲಿಲ್ಲ! ದಿವ್ಯನನ್ನು ಕರೆದೆ. ಅವಳೂ ಊದಿದಳು. ಊಹೂಂ.

"ಮುಗೀತು ಕಣೆ! ಮನೆಮಂದಿ ಶ್ವಾಸಕೋಶವೆಲ್ಲ ಹಾಳಾಗಿ ಹೋಗಿದೆ. ಎಲ್ಲಾ ಈ ಹಾಳು ಅಪಾರ್ಟ್‌ಮೆಂಟ್‌ಗಳ ಧೂಳಿಂದ!"

"ಆ ಅಪಾರ್ಟ್‌ಮೆಂಟ್ ಕಟ್ತಿರೋದು ಯಾರು ರೀ?"

ನಾನು ಎದ್ದು ಕಿಟಕಿಗಳನ್ನೆಲ್ಲ ಮುಚ್ಚಿ, ಸಂದುಗಳಿಗೆ ಟೇಪು ಅಂಟಿಸಿದೆ. ಮನೆಯೊಳಗೆ ಒಗ್ಗರಣೆ ಹಾಕಿದ್ದೇ ತಡ, ಮೂವರೂ ಸೀನಿ ಸೀನಿ ಸುಸ್ತಾದೆವು. ಒಂದೊಂದು ಸೀನಿಗೂ ಅಮ್ಮ ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ನನ್ನನ್ನು ಬೈದಳು.

ಭಾನುವಾರ ಬಂತು. ಅಮ್ಮನ ಬೈಗುಳವೂ ನಿಂತಿತು.

"ಮತ್ತೆ ಅಲ್ಲಿಗೆ ಸೇರಿಸ್ಬೇಡ ಕಣಪ್ಪ" ಎಂದಳು ಮೆತ್ತಗೆ. "ಈ ಸಲ ಓದ್ರೆ ವಾಪಸ್ ಬರಾಕಿಲ್ಲ ನಾನು."

ಎದ್ದು ಹಿತ್ತಲಿಗೆ ಹೋದೆ. ಕಾಂಪೌಂಡಿನ ಹತ್ತಿರ ನಿಂತು, ಹೆಸರು ಹುಡುಕುವ ಅಗತ್ಯವೇ ಇಲ್ಲದ ಒಂದು ನಂಬರಿಗೆ ಫೋನ್ ಮಾಡಿದೆ.

"ಸತೀಶ... ಅಮ್ಮನ ಉಸಿರು ಸರಿ ಹೋಗ್ತಿಲ್ಲ ಕಣೋ."

"ಬಂದೆ ಇರಣ್ಣ" ಅಂದ. ಅಷ್ಟೇ. ಇನ್ನೇನೂ ಕೇಳಲಿಲ್ಲ.

ಅವನು ಹೆಬ್ಬಾಳದ ಟ್ರಾಫಿಕ್ಕು ದಾಟಿ ಬರುವಷ್ಟರಲ್ಲಿ, "ಕೊನೇದಾಗಿ ಒಂದ್ಸಲ" ಎಂದು ಅಮ್ಮನನ್ನು ಪುಸಲಾಯಿಸಿ ಕೂರಿಸಿದ್ದೆ. ಅವಳು ಕೊಳವೆಯನ್ನು ತುಟಿಗಿಟ್ಟುಕೊಂಡಳು. ಆಗಲೇ ಬಾಗಿಲಿಂದ ದನಿ ಬಂತು.

"ಅಮ್ಮಾ!"

ಚಪ್ಪಲಿ ಬಿಡುವುದನ್ನೂ ಮರೆತು ಸತೀಶ ಹೊಸ್ತಿಲ ಮೇಲೆ ನಿಂತಿದ್ದ. ಅಮ್ಮ ಬಾಯಲ್ಲಿದ್ದ ಕೊಳವೆಯ ಸಮೇತ, ಎದೆತುಂಬ ಒಮ್ಮೆ ಉಸಿರೆಳೆದುಕೊಂಡಳು.

ಟಪ್! ಟಪ್! ಟಪ್! ಮೂರೂ ಚೆಂಡು ಡಬ್ಬಿಯ ಚಾವಣಿಗೆ!

ನಾವೆಲ್ಲ ಬಾಯಿಬಿಟ್ಟು ನೋಡಿದೆವು. ಮೊದಲು ಎಚ್ಚೆತ್ತವಳು ದಿವ್ಯ.

"ರೀ... ಅದು ಊದೋದಲ್ಲ! ಎಳ್ಕೊಳ್ಳೋದು!"

ಸತೀಶನಿಗೆ ಎಲ್ಲ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅವನು ನಕ್ಕ ನಗೆಗೆ ಕಿಟಕಿಯ ಟೇಪೇ ಕಿತ್ತು ಬರಬೇಕಿತ್ತು! ನನಗೆ ಸಿಟ್ಟು ಬರಲಿಲ್ಲ. ಆ ನಗು ಕೇಳಿ ಎಷ್ಟು ದಿನವಾಗಿತ್ತು!

ಮರೆತ ಪಿಯುಸಿ ಪಾಠ ಆಗ ನೆನಪಿಗೆ ಬಂತು. ಎದೆಗೂಡಿನ ಕೆಳಗೆ ಕಮಾನಿನಂತೆ ವಪೆ ಎಂಬ ಸ್ನಾಯು ಇದೆ. ಅದು ಕೆಳಗೆ ಸರಿಯುತ್ತದೆ, ಪಕ್ಕೆಲುಬು ಅಗಲವಾಗುತ್ತದೆ, ಒಳಗೆ ಜಾಗವಾಗುತ್ತದೆ. ಜಾಗವಾದ ಮೇಲೆ ಗಾಳಿ ತಾನಾಗಿಯೇ ಬಂದು ತುಂಬಿಕೊಳ್ಳುತ್ತದೆ. ಮೂರು ದಿನ, ಇದ್ದ ಗಾಳಿಯನ್ನೆಲ್ಲ ಆಚೆಗೆ ತಳ್ಳಿಸಿ, ಯಾಕೆ ಬರುತ್ತಿಲ್ಲ ಎಂದು ಗೋಳಾಡಿದ್ದೆ ನಾನು.

ಇದನ್ನೆಲ್ಲ ಗಟ್ಟಿಯಾಗಿ ವಿವರಿಸಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು ಅಂದಳು: "ಎಡಗಡೇದು ಜಾಗ ಬುಟ್ಕೊಡ್ತು ಅಂದ್ಯಲ್ಲ, ಅದ್ರ ಮಗ್ಗುಲಲ್ಲೇ ಅಲ್ವಾ ಗುಂಡಿಗೆ ಇರಾದು?"

ನಾನೂ ಸತೀಶನೂ ನೆಲ ನೋಡಿದೆವು. ದಿವ್ಯ ಎದ್ದು ಕಿಟಕಿಗಳನ್ನು ತೆರೆದಳು. ಸಂಜೆಯವರೆಗೂ ಅಮ್ಮ ಚೆಂಡು ಎತ್ತುತ್ತಲೇ ಇದ್ದಳು, ಸತೀಶ ಪಕ್ಕದಲ್ಲೇ ಕೂತಿದ್ದ. ಹೊರಡುವಾಗ ಅವನನ್ನು ಹಿತ್ತಲಿಗೆ ಕರೆದೊಯ್ದು, "ಗೋಡೆ ಎಲ್ಲಿಗೆ ಬರ್ಬೇಕು, ನೀನೇ ಗೆರೆ ಹಾಕೋ" ಎಂದೆ. ಅವನು ಹಾಕಲಿಲ್ಲ. "ನಾಳೆ ಆಸ್ಪತ್ರೆಗೆ ನನ್ನ ಕಾರಲ್ಲೇ ಹೋಗೋಣ ಅಣ್ಣ" ಅಂದ.

ಸೋಮವಾರ ಡಾಕ್ಟರು ಅಮ್ಮನ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು. ಅಲ್ಲೇ ಚೆಂಡು ಎತ್ತಿಸಿ ನೋಡಿದರು.

"ಭೇಷ್! ಗಾಳಿ ತಳದವರೆಗೂ ಹೋಗ್ತಿದೆ. ಅಡ್ಮಿಟ್ ಏನೂ ಬೇಡ. ಯಾರಮ್ಮ ನಿಮಗೆ ಇಷ್ಟು ಚೆನ್ನಾಗಿ ಹೇಳ್ಕೊಟ್ಟಿದ್ದು?"

ನಾನು ವಿನಯದಿಂದ ಕಾಲರು ಸರಿಮಾಡಿಕೊಂಡೆ. ಅಮ್ಮ ನನ್ನ ಕಡೆಗೇ ಬೆರಳು ತೋರಿಸಿದಳು.

"ಇವ್ನೇ ಸ್ವಾಮಿ. ಇವ್ನು ಏಳ್ಕೊಟ್ಟಿದ್ದನ್ನ ಪೂರ್ತಿ ಉಲ್ಟಾ ಮಾಡ್ದೆ. ಉಳ್ಕಂಡೆ!"