ನೀರ ಹೋತು

ನಮ್ಮ ಅಳಿಯದೇವರ ಹತ್ತಿರ ಕುಡಿಯಲು ನೀರು ಕೇಳಬಾರದು. ಕೊಡುತ್ತಾರೆ, ಆದರೆ ಅದರ ಜಾತಕ ಓದಿದ ಮೇಲೆ. ಅಷ್ಟರಲ್ಲಿ ನೀರಡಿಕೆ ತಾನೇ ಹೋಗಿರುತ್ತದೆ.

ಅವರು ಗಜೇಂದ್ರಗಡದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾರೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ನನಗೆ ಗೊತ್ತಿರುವುದು ಮೂರೇ ತರಹ: ನೀರು, ಹಬೆ, ಬರ್ಫ.

"ಅಲ್ರಿ ಅತ್ತಿ, ಸಮುದ್ರದ ತಳದಾಗ ಕೆಳಗ ಬೆಂಕಿ, ಮ್ಯಾಲೆ ಭಾರ. ಅಲ್ಲಿ ನೀರು ನೀರೂ ಅಲ್ಲ, ಹಬೀನೂ ಅಲ್ಲ. ಅಂಥಾ ಕಡೇನ ಮೊದಲನೇ ಜೀವ ಹುಟ್ಟಿರಬೇಕ ಅಂತಾರ."

"ನೀರೂ ಅಲ್ಲ, ಹಬೀನೂ ಅಲ್ಲ. ನಿಮ್ಮ ಮಾವ ಇದ್ದಂಗ ಅನ್ರಿ. ಹೊಲಕ್ಕೂ ಇಲ್ಲ, ಮನಿಗೂ ಇಲ್ಲ."

ಮಗಳು ಚೊಚ್ಚಲ ಬಾಣಂತನಕ್ಕೆಂದು ಅಬ್ಬಿಗೇರಿಯ ನಮ್ಮ ಮನೆಗೆ ಬಂದಿದ್ದಳು. ಎಂಟು ತುಂಬಿತ್ತು ಅಷ್ಟೆ. ಆ ರವಿವಾರ ಅಳಿಯದೇವರೂ ಬಂದರು. ಬಂದವರೇ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಒಂದು ನೀರಿನ ಬಾಟಲಿ ಇಟ್ಟು, ಬಾಗಿಲ ಮುಂದೆ ಕಾವಲು ಕೂತರು.

"ಫ್ರಿಜ್ ತಗೀಬ್ಯಾಡ್ರಿ ಅತ್ತಿ. ನೀರು ಬರ್ಫ ಆಗೋದ ಮರತ ಕುಂತೈತಿ. ಒಂದ ಸಣ್ಣ ಪೆಟ್ಟು ಬಿದ್ರ ನೆನಪಾಗಿ, ನಿಂತ ನಿಂತಲ್ಲೇ ಗಟ್ಟಿ ಆಕ್ಕೈತಿ."

"ಚಹಾಕ್ಕ ಹಾಲು?"

"ಇವತ್ತ ಕರೇ ಚಹಾ ಕುಡಿಯೋಣ್ರಿ."

ಮನೆಯಲ್ಲಿ ಎಮ್ಮೆಯಿದ್ದೂ ಕರಿ ಚಹಾ ಕುಡಿದವರು ಊರಲ್ಲಿ ನಾವೇ ಇರಬೇಕು. ಲೋಟ ತೊಳೆಯಲು ಹಿತ್ತಲಿಗೆ ಹೋದೆ. ಒಳಗಿನಿಂದ ಮಗಳು ಗಂಡನಿಗೆ ಹೇಳಿದ್ದು ನನಗೂ ಕೇಳಿಸಿತು.

"ರೀ, ನೀರ ಹೋತು."

"ಹೋಗಲಿ ಬಿಡು. ನಳಾ ಸಂಜಿಗೆ ಮತ್ತ ಬರ್ತೈತಿ."

ನಾನು ಕೈ ಒರೆಸಿಕೊಂಡು ಓಡಿ ಬರುವಷ್ಟರಲ್ಲಿ ಅವರು ಎರಡು ಕೊಡ ಹಿಡಿದು ಪಕ್ಕದ ಮನೆಯ ಬೋರಿಗೆ ಹೊರಟಿದ್ದರು. ಅಷ್ಟೆಲ್ಲ ತರಹದ ನೀರು ಬಲ್ಲ ಮನುಷ್ಯನಿಗೆ ಈ ಒಂದು ನೀರು ಗೊತ್ತಿರಲಿಲ್ಲ.

"ಕೊಡ ಇಡ್ರಿ. ಹೋಗಿದ್ದು ನಳದ್ದಲ್ಲ, ಕೂಸಿಂದು. ಲಗೂ ಗಾಡಿ ತರ್ರಿ."

ರೋಣದ ದವಾಖಾನೆಯ ತನಕ ಅವರು ಒಂದೇ ಮಾತಾಡಿದರು. "ಇನ್ನೂ ಒಂದ ತಿಂಗಳಿತ್ತಲ್ರಿ ಅತ್ತಿ."

ನನಗೂ ಹೆದರಿಕೆಯಾಗಿತ್ತು. ತೋರಿಸಲಿಲ್ಲ. "ಜೀವ ಹುಟ್ಟಿದ್ದ ನೀರಾಗ ಅಂತ ನೀವ ಹೇಳಿದ್ರಿ. ಅಂದಮ್ಯಾಲೆ ಅದಕ್ಕ ದಾರಿ ಗೊತ್ತಿರತೈತಿ, ಸುಮ್ನ ಕೂಡ್ರಿ."

ಸಂಜೆ ನರ್ಸಬಾಯಿ ಹೊರಗೆ ಬಂದು ಅಳಿಯದೇವರ ಹೆಗಲು ಮೆಲ್ಲಗೆ ತಟ್ಟಿ, "ಹೆಣ್ಣ ಕೂಸರಿ. ತಾಯಿ ಅರಾಮದಾಳ," ಅಂದಳು. ತಟ್ಟಿದ್ದೇ ತಡ, ಅವರು ನಿಂತ ನಿಂತಲ್ಲೇ ಗಟ್ಟಿಯಾದರು. ಬಾಟಲಿಯ ಕಥೆ ಸುಳ್ಳಲ್ಲ ಎಂದು ನನಗೆ ಆಗ ಗೊತ್ತಾಯಿತು.

ಕೂಸು ತೀರ ಸಣ್ಣದಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಬೆಚ್ಚಗೆ ಇಟ್ಟರು. ತಗೀಬ್ಯಾಡ್ರಿ ಅನ್ನುವ ಸರದಿ ಈಗ ನರ್ಸಬಾಯಿಯದು. ಅಳಿಯದೇವರು ಮೂರು ದಿನ ಗಾಜಿನ ಈಚೆ ನಿಂತರು.

ನಾಲ್ಕನೇ ದಿನ ನನ್ನ ಮೊಮ್ಮಗಳನ್ನು ನಾನೇ ಅವರ ಎದೆಗೆ ಒರಗಿಸಿದೆ. ಕೂಸು ಸ್ವಲ್ಪ ಹೊತ್ತು ಯೋಚಿಸಿ, ಅಪ್ಪನ ಇಸ್ತ್ರಿ ಅಂಗಿಯ ಮೇಲೆ ಬೆಚ್ಚಗೆ ನೀರು ಬಿಟ್ಟಿತು. ನಾನು ಸೆರಗಿನಿಂದ ಒರೆಸಲು ಹೋದೆ.

"ಇರಲಿ ಬಿಡ್ರಿ ಅತ್ತಿ," ಅಂದರು.

ನೀರಿನ ಬಗ್ಗೆ ಅವರು ಇಷ್ಟು ಕಡಿಮೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.