ಅರ್ಧ ಗಂಟೆ ಬಾಯಿ ಕಟ್ಟಿಸಿದವರಿಗೆ

ಪಾಂಡವಪುರ ತಾಲ್ಲೂಕು
೧೨-೧-೧೯೯೭

ಬಾಯಿ ಮುಕ್ಕಳಿಸುವ ಔಷಧದ ಬಾಟಲಿಗೆ ಸೂಚನೆಯ ಚೀಟಿ ಬರೆಯುವ ಅಧಿಕಾರಿಗಳ ಸನ್ನಿಧಾನಕ್ಕೆ, ರೈತ ನಂಜಪ್ಪನು ಶುದ್ಧವಾದ ಬಾಯಿಂದ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವೂ ತಮ್ಮ ಮೂವತ್ತೆರಡು ಹಲ್ಲುಗಳೂ ಕ್ಷೇಮವೆಂದು ನಂಬಿದ್ದೇನೆ. ನಾನು ನಲವತ್ತು ವರ್ಷದಿಂದ ಎಲೆ ಅಡಿಕೆ ಹಾಕುವವನು. ಕಳೆದ ಕಾರ್ತೀಕದಲ್ಲಿ ನನ್ನ ಮಗ ಕುಮಾರ್ ಬೆಳ್ಳೂರಿನ ಶ್ವೇತ ಎಂಬ ಹುಡುಗಿಯನ್ನು ನೋಡಿ ಒಪ್ಪಿ, ಮಾತುಕತೆಗೆ ಹೊರಡುವ ಮುನ್ನ, "ಅಪ್ಪ, ಬೀಗ್ರತ್ರ ಒಸಿ ದೂರ ಕುಂತ್ಕಂಡು ಮಾತಾಡು" ಎಂದ. ನನಗೆ ನಾಚಿಕೆಯಾಯಿತು. ಯಾರಿಗೂ ಹೇಳದೆ ಔಷಧದಂಗಡಿಗೆ ಹೋದೆ. ಅಲ್ಲಿ ಹಸಿರು, ನೀಲಿ, ಕಂದು ಎಂದು ಮೂರು ಬಗೆ ಇದ್ದವು. ಗದ್ದೆಗೆ ಹೊಡೆಯುವ ಔಷಧ ಆರಿಸುವ ಅನುಭವದ ಮೇಲೆ, ಯಾವುದು ಹೆಚ್ಚು ಘಾಟೋ ಅದೇ ಒಳ್ಳೆಯದೆಂದು ಕಂದು ಬಣ್ಣದ್ದನ್ನು ತಂದೆ. ಮುಕ್ಕಳಿಸಿ ಉಗುಳಿದ ಮೇಲೆ ಅರ್ಧ ಗಂಟೆ ಏನನ್ನೂ ತಿನ್ನಬಾರದು, ಕುಡಿಯಬಾರದು ಎಂಬ ತಮ್ಮ ಅಪ್ಪಣೆಯನ್ನು ಅಂಗಡಿಯವನು ಓದಿ ಹೇಳಿದ.

ಘಮ ಆರಬಾರದೆಂದು ಬೆಳ್ಳೂರಿನಲ್ಲಿ ಅವರ ಬೀದಿ ತುದಿಯ ಹೋಟೆಲಿನ ನಲ್ಲಿಯಲ್ಲೇ ಕದ್ದು ಮುಕ್ಕಳಿಸಿದೆ. ಹೆಣ್ಣಿನ ಮನೆಯವರು ನೀರು ಬೆಲ್ಲ ಕೊಟ್ಟರು, ಬೇಡವೆಂದೆ. ಉಪ್ಪಿಟ್ಟು ಕೊಟ್ಟರು, ಕೈಮುಗಿದೆ. ಕಾಫಿ ಬಂತು, ಗಡಿಯಾರ ನೋಡಿದೆ. ಕೊನೆಗೆ ಮಾತು ಗಟ್ಟಿ ಮಾಡುವ ವೀಳ್ಯದ ತಟ್ಟೆ ಬಂದಾಗ ಇನ್ನೂ ಹನ್ನೊಂದು ನಿಮಿಷ ಬಾಕಿ ಇತ್ತು. ಎಲೆ ಕೈಗೆ ಬಂದರೆ ಬಾಯಿಗೆ ಹಾಕದೆ ಇರಲಾರದವನು ನಾನಾದ್ದರಿಂದ, "ಈಗ ಬ್ಯಾಡ" ಎಂದು ತಟ್ಟೆಯನ್ನೇ ಹಿಂದಕ್ಕೆ ಸರಿಸಿದೆ. ಹುಡುಗಿಯ ಅಜ್ಜಿ ಮಾದಮ್ಮನವರು, "ನಮ್ಮನೆ ನೀರೂ ಮುಟ್ಟದೋರು ನಮ್ಮ ಕೂಸ್ನ ಎಂಗೆ ಮಡಿಕ್ಕಂಡಾರು? ಎದ್ದೋಗ್ಲಿ ಬುಡು" ಎಂದರು. ನನ್ನ ಬಾಯಿ ನಾರುತ್ತದೆ, ಅದಕ್ಕೆ ಔಷಧ ಹಾಕಿದ್ದೇನೆ ಎಂದು ತುಂಬಿದ ಸಭೆಯಲ್ಲಿ ಹೇಳಲು ನನಗೆ ನಾಲಿಗೆ ಹೊರಳಲಿಲ್ಲ. ಬಸ್ಸಿನಲ್ಲಿ ಹೇಳಿದಾಗ ಹೆಂಡತಿ ಪುಟ್ಟಗೌರಮ್ಮ ತಲೆ ಚಚ್ಚಿಕೊಂಡಳು, ಕುಮಾರ್ ಕಿಟಕಿಯ ಕಡೆ ತಿರುಗಿದ.

ವಾರದೊಳಗೆ ಕೆ.ಆರ್. ಪೇಟೆಯ ಕಡೆಯವರೊಬ್ಬರು ಬಂದು, ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು, ಬಾಯಿ ಕೆಂಪಗೆ ಮಾಡಿಕೊಂಡು, ಶ್ವೇತಳನ್ನು ನಿಶ್ಚಯಿಸಿಕೊಂಡು ಹೋದರಂತೆ. ಅವರ ಬಾಯಿ ಹೇಗೆ ನಾರುತ್ತಿತ್ತೆಂದು ಯಾರೂ ವಿಚಾರಿಸಿಲ್ಲ.

ಇಷ್ಟು ದೂರದಿಂದ ನನ್ನಂಥವನ ಬಾಯಿ ಕಟ್ಟಿಹಾಕಿದ ತಮ್ಮ ಪ್ರಭಾವಕ್ಕೆ ತಲೆಬಾಗುತ್ತೇನೆ. ಹೆಂಡತಿಗೆ ಈ ಕೆಲಸ ಮೂವತ್ತು ವರ್ಷದಲ್ಲಿ ಆಗಿಲ್ಲ. ಆದ್ದರಿಂದ ತಾವು ದಯಮಾಡಿ ಆ ಅರ್ಧ ಗಂಟೆಯನ್ನು ಒಂದು ಚೊಂಬು ನೀರು ಕುಡಿಯುವಷ್ಟು ಹೊತ್ತಿಗೆ ಇಳಿಸಬೇಕು. ಸಂಬಂಧ ಮಾತಾಡುವ ದಿನ ಬಳಸಕೂಡದೆಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬೇಕು. ಅಲ್ಲದೆ ಖುದ್ದಾಗಿ ಬೆಳ್ಳೂರಿಗೆ ಬಂದು ಮಾದಮ್ಮನವರ ಮುಂದೆ ಕೈಕಟ್ಟಿ ನಿಂತು ತಪ್ಪು ಈ ನಂಜಪ್ಪನದಲ್ಲವೆಂದು ಹೇಳಬೇಕು. ಅವರು ಕಾಫಿ ಕೊಟ್ಟರೆ ಮೊದಲು ಕುಡಿದುಬಿಡಿ.

ತಮ್ಮ ಚೀಟಿಯನ್ನು ಚಾಚೂ ತಪ್ಪದೆ ಪಾಲಿಸಿದ,
ತಮ್ಮ ವಿಶ್ವಾಸಿ
ನಂಜಪ್ಪ

ಮರೆತಿದ್ದೆ: ಬಾಟಲಿಯನ್ನು ಪೂರ್ತಿ ಮುಗಿಸಿದ್ದೇನೆ. ತಮ್ಮ ಔಷಧ ಬಹಳ ಒಳ್ಳೆಯದಿರಬೇಕು. ಬಾಯಿ ವಾಸನೆ ಹೋಯಿತೋ ಇಲ್ಲವೋ ಹೇಳಬೇಕಾದವನು ಕುಮಾರ್; ಎರಡು ತಿಂಗಳಿಂದ ಅವನು ನನ್ನ ಹತ್ತಿರ ಬಂದು ಕೂತಿಲ್ಲ.